ಮುಂಡರಗಿಗೆ ಕೊಟ್ಟ ಅಕ್ಕ

ಗದಗ ಬೇರೆ ಜಿಲ್ಲೆಯಾಗಿ ಬಹಳ ದಿನವಾಗಿರಲಿಲ್ಲ. ಕಚೇರಿಗಳ ಬೋರ್ಡಿನ ಮೇಲಿದ್ದ ಧಾರವಾಡ ಜಿಲ್ಲೆಯನ್ನು ಅಳಿಸಿ ಹೊಸದಾಗಿ ಬರೆಸುತ್ತಿದ್ದ ಕಾಲ ಅದು. ನಾನಾಗ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದೆ. ಬೆಟಗೇರಿಯ ನೇಕಾರರ ಓಣಿಯಲ್ಲಿ ನಮ್ಮ ಮನೆ. ಮುಂದಿನ ಖೋಲಿಯಲ್ಲಿ ಅಪ್ಪನ ಮಗ್ಗ, ನಡುಮನೆಯಲ್ಲಿ ಅವ್ವ ಕಂಡಿಕೆಗೆ ನೂಲು ಸುತ್ತುವ ಜಾಗ, ಹಿತ್ತಲ ಕಿಟಕಿಗೆ ಹತ್ತಿ ಅಕ್ಕನ ಹೊಲಿಗೆ ಮಷಿನ್ನು. ಮಗ್ಗದ ಸಪ್ಪಳ ನಿಂತಾಗ ಮಷಿನ್ನಿನದು ಕೇಳಿಸುತ್ತಿತ್ತು. ಎರಡೂ ನಿಂತರೆ ಮನೆಯಲ್ಲಿ ಊಟಕ್ಕೆ ಕೂತಿದ್ದಾರೆಂದು ಅರ್ಥ.

ನನ್ನ ಓರಗೆಯ ಹುಡುಗರಿಗೆಲ್ಲ ದನಿ ಒಡೆದು ಗಡಸಾಗಿತ್ತು. ನನ್ನದು ಹಾಗಾಗಲಿಲ್ಲ. ತರಗತಿಯಲ್ಲಿ ಪದ್ಯ ಓದಲು ಎದ್ದು ನಿಂತರೆ ಹಿಂದಿನ ಬೆಂಚಿನಿಂದ ನಗು ಶುರುವಾಗುತ್ತಿತ್ತು. ಹೆಣ್ಣಿಗ ಎಂಬುದೇ ನನ್ನ ಹೆಸರಾಗಿ ಎಷ್ಟೋ ದಿನವಾಗಿತ್ತು. ಅದಕ್ಕೇ ಮಾತು ಕಡಿಮೆ ಮಾಡಿದ್ದೆ. ಆಡಲೇಬೇಕಾದಾಗ ದನಿಯನ್ನು ಗಂಟಲಲ್ಲಿ ಒತ್ತಿ ಹಿಡಿದು ದಪ್ಪ ಮಾಡಿ ಆಡುತ್ತಿದ್ದೆ. ನಡೆಯುವಾಗ ಕೈ ತಂತಾನೇ ಬಳುಕುತ್ತಿದ್ದವು. ಅವನ್ನು ಚಡ್ಡಿಯ ಕಿಸೆಯಲ್ಲಿ ತುರುಕಿಕೊಂಡು ನಡೆಯುತ್ತಿದ್ದೆ. ಅಪ್ಪ ನನ್ನನ್ನು ನೋಡಿಯೂ ನೋಡದಂತೆ ಲಾಳಿ ಎಸೆಯುತ್ತಿದ್ದ. ಅವ್ವ, ದೊಡ್ಡವನಾದರೆ ಸರಿಹೋಗುತ್ತಾನೆ ಎಂದು ಓಣಿಯವರಿಗೆ ಹೇಳುತ್ತಿದ್ದಳು. ಅಕ್ಕ ಒಬ್ಬಳೇ ಏನೂ ಹೇಳದೆ ಇದ್ದವಳು.

ಅಕ್ಕ ಓಣಿಯ ಹೆಣ್ಣುಮಕ್ಕಳ ಜಂಪರು ಹೊಲಿಯುತ್ತಿದ್ದಳು. ಅಳತೆ ಸರಿ ಬಂದಿದೆಯೋ ಇಲ್ಲವೋ ನೋಡಲು, ನನ್ನ ಮೈಕಟ್ಟಿನಷ್ಟೇ ಇರುವವರ ಜಂಪರು ಬಂದರೆ ನನಗೇ ತೊಡಿಸುತ್ತಿದ್ದಳು. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು, ಅಲುಗಾಡಬೇಡ ಎಂದು ಕಣ್ಣಲ್ಲೇ ಗದರುತ್ತಿದ್ದಳು. ಗೋಡೆಯ ಕನ್ನಡಿಯಲ್ಲಿ ನಾನು ನನ್ನನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿಕೊಳ್ಳುತ್ತಿದ್ದೆ. ಅದು ಅವಳಿಗೆ ಕಾಣುತ್ತಿತ್ತು. ಒಮ್ಮೆಯೂ ನಗಲಿಲ್ಲ. ಒಂದು ದಿನ ಮಾತ್ರ, ಹೊಲಿದ ಜಂಪರು ಬಿಚ್ಚಲು ನಾನು ತಡಮಾಡಿದಾಗ, ಅಪ್ಪ ನೀರು ಕುಡಿಯಲು ಒಳಗೆ ಬರುವ ಹೊತ್ತಾಯಿತು ಎಂದು ಮೆಲ್ಲಗೆ ಹೇಳಿ ತಾನೇ ಗುಂಡಿ ಬಿಚ್ಚಿದಳು.

ಆ ವರ್ಷ ನಮ್ಮ ಶಾಲೆಯ ವಾರ್ಷಿಕ ಗ್ಯಾದರಿಂಗಿಗೆ ಕನ್ನಡ ಮಾಸ್ತರರು ತಾವೇ ಒಂದು ನಾಟಕ ಬರೆದರು. ಗಂಡ ಮನೆ ಬಿಟ್ಟುಹೋದ ಮೇಲೆ ಮಗ್ಗಕ್ಕೆ ಕೂತು ಮನೆ ನಡೆಸುವ ಸೊಸೆಯ ಕಥೆ. ಗಂಡುಹುಡುಗರ ಶಾಲೆ, ಸೊಸೆಯ ಪಾತ್ರಕ್ಕೆ ಯಾರೂ ಮುಂದೆ ಬರಲಿಲ್ಲ. ಬಂದರೆ ಮುಂದೆ ಆಯುಷ್ಯಪೂರ್ತಿ ಆಡಿಕೊಳ್ಳುತ್ತಾರೆಂಬ ಹೆದರಿಕೆ. ಮಾಸ್ತರರು ನನ್ನನ್ನು ಕರೆದು ಒಂದು ಹಾಳೆ ಕೊಟ್ಟು ಓದಿಸಿದರು. ನಾನು ಎಂದಿನಂತೆ ದನಿ ದಪ್ಪ ಮಾಡಿ ಓದಿದೆ.

"ಹಂಗಲ್ಲ," ಅಂದರು. "ನಿನ್ನ ಖರೆ ದನಿಯೊಳಗ ಓದು. ಈ ಪಾತ್ರಕ್ಕ ಅದ ಬೇಕಾಗೇತಿ."

ನನ್ನ ದನಿ ಯಾರಿಗಾದರೂ ಬೇಕಾಗಿದೆ ಎಂದು ಅದೇ ಮೊದಲು ಕೇಳಿದ್ದು. ಓದಿದೆ. ಕೋಣೆಯಲ್ಲಿ ಯಾರೂ ನಗಲಿಲ್ಲ.

ವೇಷಕ್ಕಾಗಿ ಮಾಸ್ತರರು ನಮ್ಮನ್ನೆಲ್ಲ ಗದಗಿನ ಒಂದು ಡ್ರೆಸ್ ಅಂಗಡಿಗೆ ಕರೆದುಕೊಂಡು ಹೋದರು. ನಾಟಕದವರಿಗೆ ಸೀರೆ, ಕಿರೀಟ, ಗಡ್ಡಮೀಸೆ ಬಾಡಿಗೆಗೆ ಕೊಡುವ ಅಂಗಡಿ. ನಡೆಸುತ್ತಿದ್ದವರು ಒಬ್ಬ ಮುದುಕರು. ಹೆಂಗಸರು ರಂಗಕ್ಕೆ ಬರಲು ಹಿಂಜರಿಯುತ್ತಿದ್ದ ಕಾಲದಲ್ಲಿ ಅವರು ನಾಟಕ ಕಂಪನಿಯಲ್ಲಿ ಹೆಣ್ಣು ಪಾತ್ರ ಮಾಡಿದವರು. ಎಲ್ಲರೂ ಅವರನ್ನು ಅಜ್ಜಾರು ಎನ್ನುತ್ತಿದ್ದರು. ಅವರು ಹುಡುಗರಿಗೆಲ್ಲ ನಡೆಯುವುದು, ಕೂಡುವುದು, ರುಮಾಲು ಸುತ್ತುವುದು ಹೇಳಿಕೊಟ್ಟರು. ನನಗೆ ಸೀರೆ ಉಡಿಸಿ ಅಂಗಡಿಯ ಈ ತುದಿಯಿಂದ ಆ ತುದಿಗೆ ನಡೆ ಅಂದರು. ಕೈಗಳನ್ನು ಬಿಗಿಹಿಡಿದೇ ನಡೆದೆ. ಇನ್ನೊಮ್ಮೆ ಅಂದರು. ಈ ಸಲ ಕೈ ಬಿಟ್ಟೆ. ಅವರು ಮಾಸ್ತರರ ಕಡೆ ತಿರುಗಿ, ಇವನಿಗೆ ಕಲಿಸುವುದೇನೂ ಇಲ್ಲ, ಇಷ್ಟು ದಿನ ಬಚ್ಚಿಟ್ಟಿದ್ದನ್ನು ಹೊರಗೆ ಬಿಟ್ಟರೆ ಸಾಕು ಎಂದರು.

ಗ್ಯಾದರಿಂಗಿನ ಸಂಜೆ ಅಪ್ಪ ಬರಲಿಲ್ಲ. ಅವ್ವ, ಅಕ್ಕ ಹೆಣ್ಣುಮಕ್ಕಳ ಕಡೆ ಮುಂದೆಯೇ ಕೂತಿದ್ದರು. ನಾನು ರಂಗಕ್ಕೆ ಬಂದಾಗ ಹಿಂದಿನಿಂದ ಒಂದಿಷ್ಟು ಸೀಟಿ ಕೇಳಿಸಿದವು. ಮೊದಲ ಮಾತು ಆಡಿದ ಮೇಲೆ ನಿಂತವು. ಗಂಡ ಮನೆ ಬಿಟ್ಟು ಹೋದನೆಂಬ ಖಬರು ಬರುವ ದೃಶ್ಯದಲ್ಲಿ ಸೊಸೆ ಅಳುವುದಿಲ್ಲ, ಎದ್ದು ಹೋಗಿ ಮಗ್ಗಕ್ಕೆ ಕೂಡುತ್ತಾಳೆ. ನಾನು ಅಪ್ಪನನ್ನು ದಿನಾ ನೋಡಿದವನು. ಹಾಗೇ ಕಾಲು ಇಳಿಬಿಟ್ಟು ಕೂತೆ. ಮುಂದಿನ ಸಾಲಿನ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುವುದು ಕಂಡಿತು. ಹೆಣ್ಣಿಗ ಎಂದು ಕರೆಯುತ್ತಿದ್ದ ಹುಡುಗರೂ ಸುಮ್ಮನೆ ಕೂತಿದ್ದರು. ಒತ್ತಿಹಿಡಿದು ಒತ್ತಿಹಿಡಿದು ಸೋತಿದ್ದ ನನ್ನ ದನಿ ಆ ಸಂಜೆ ಮೈದಾನದ ಕೊನೆಯವರೆಗೂ ಹೋಯಿತು.

ಮನೆಗೆ ಬಂದ ಮೇಲೆ ಅಕ್ಕ ಕೊಬ್ಬರಿ ಎಣ್ಣೆ ಹಚ್ಚಿ ಮುಖದ ಬಣ್ಣ ತೆಗೆಯತೊಡಗಿದಳು. ಅರ್ಧ ಮುಖ ಆದ ಮೇಲೆ ನಾನು ಅವಳ ಕೈ ಹಿಡಿದೆ.

"ಅಕ್ಕಾ, ತಗೀಬ್ಯಾಡ ಅನಿಸಾಕತ್ತೇತಿ."

ಅವಳು ಬಟ್ಟೆ ಕೆಳಗಿಟ್ಟು ನನ್ನನ್ನು ನೋಡಿದಳು. ಅಪ್ಪನ ಮಗ್ಗದ ಸಪ್ಪಳ ನಿಲ್ಲುವ ತನಕ ಹಾಗೇ ಕೂತಿದ್ದು, ಆಮೇಲೆ ಉಳಿದದ್ದನ್ನು ಒರೆಸಿದಳು.

ಕಾಲೇಜಿಗೆ ಸೇರಿದ ಮೇಲೆ ರವಿವಾರ ಬಂದರೆ ಅಜ್ಜಾರ ಅಂಗಡಿಯಲ್ಲಿ ಇರುತ್ತಿದ್ದೆ. ಅಷ್ಟೊತ್ತಿಗೆ ಹಳ್ಳಿಯ ನಾಟಕಗಳಿಗೆ ಗದಗಿನಿಂದ ನಟಿಯರನ್ನು ಕರೆಸುವುದೇ ರೂಢಿಯಾಗಿತ್ತು. ಆದರೂ ಹಳೆಯ ಪದ್ಧತಿಯ ಆಟವಾಡುವ ಕೆಲವು ತಂಡಗಳು ಗಂಡಸರೇ ಹೆಣ್ಣು ಪಾತ್ರ ಮಾಡಬೇಕೆನ್ನುತ್ತಿದ್ದವು. ಅಂಥವರ ಹತ್ತಿರ ಅಜ್ಜಾರು ನನ್ನನ್ನು ಕಳಿಸತೊಡಗಿದರು. ಅಸುಂಡಿಯಲ್ಲಿ ಮಾಡಿದೆ, ಕೋಟುಮಚಗಿಯಲ್ಲಿ ಮಾಡಿದೆ. ಪೇಟೆಯ ಮುಸ್ಲಿಂ ಹುಡುಗರೂ ತಬಲಾ ಬಾರಿಸುತ್ತಿದ್ದ ಲಕ್ಷ್ಮೇಶ್ವರದ ಒಂದು ತಂಡ ನನ್ನನ್ನು ಮತ್ತೆ ಮತ್ತೆ ಕರೆಯಿತು. ಜಂಪರು ಎಲ್ಲ ಅಕ್ಕನೇ ಹೊಲಿದು ಕೊಡುತ್ತಿದ್ದಳು. ಅವ್ವನಿಗೆ ಗೊತ್ತಿತ್ತು, ಅಪ್ಪನಿಗೆ ಗೊತ್ತಿಲ್ಲವೆಂಬಂತೆ ನಾವೆಲ್ಲ ನಡೆದುಕೊಳ್ಳುತ್ತಿದ್ದೆವು.

ಆಟ ಮುಗಿದ ಮೇಲೆ ಬಣ್ಣ ತೊಳೆಯುವುದೇ ನನಗೆ ಸಂಕಟ. ಬಚ್ಚಲಲ್ಲಿ ನೀರು ಸುರಿದುಕೊಳ್ಳುತ್ತ ಅಳು ಬರುತ್ತಿತ್ತು. ಅದನ್ನು ಒಮ್ಮೆ ಅಜ್ಜಾರು ನೋಡಿದರು. ಮರುದಿನ ಮಧ್ಯಾಹ್ನ, ಅಂಗಡಿಯಲ್ಲಿ ಯಾರೂ ಇಲ್ಲದಾಗ ನನ್ನನ್ನು ಎದುರಿಗೆ ಕೂಡಿಸಿಕೊಂಡರು.

"ನನಗ ಇದು ಕೆಲಸ ಆಗಿತ್ತು," ಅಂದರು. "ಸೀರಿ ಬಿಚ್ಚಿದೆ, ಮನಿಗೆ ಹೋದೆ, ಹೆಂಡ್ತಿ ಮಕ್ಕಳ ಜೋಡಿ ಉಂಡೆ, ಮಲಗಿದೆ. ನಿಂದು ಹಂಗ ಕಾಣೂದಿಲ್ಲ."

"ಅದು ತಪ್ಪೇನ್ರಿ ಅಜ್ಜಾರ?"

"ತಪ್ಪು ಅಂತ ನಾ ಯಾಕ ಅನ್ನಲಿ. ತ್ರಾಸ ಐತಿ."

ನಾನು ಅವರೂ ನನ್ನಂಥವರೇ ಇರಬಹುದೆಂದು ನಂಬಿಕೊಂಡಿದ್ದೆ. ಅಲ್ಲವೆಂದು ಗೊತ್ತಾದಾಗ ಎದೆ ಖಾಲಿಯಾದಂತಾಯಿತು. ಆದರೆ ಅವರು ನನ್ನನ್ನು ಹೊರಗೆ ಹಾಕಲಿಲ್ಲ. ಆವತ್ತೂ ಬಾಡಿಗೆ ಸೀರೆಗಳನ್ನು ಮಡಚಿಡಲು ಎಂದಿನಂತೆ ನನಗೇ ಹೇಳಿದರು.

ಅದಾದ ಕೆಲವು ದಿನಕ್ಕೆ ಮಾಳಿಗೆಯ ಮೇಲೆ ಒಣಹಾಕಿದ ನೂಲು ತಿರುವಿಹಾಕುತ್ತ ನಾನು ಅಕ್ಕನಿಗೆ ಎಲ್ಲ ಹೇಳಿದೆ. ನನಗೆ ಕಾಲೇಜಿನ ಒಬ್ಬ ಹುಡುಗನ ಮೇಲೆ ಮನಸ್ಸಾಗಿದೆ, ಅವನಿಗೆ ಅದು ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಹುಡುಗಿಯರನ್ನು ಕಂಡರೆ ನನಗೆ ಅವರ ಜೊತೆ ಕೂತು ಮಾತಾಡಬೇಕು ಅನಿಸುತ್ತದೆಯೇ ಹೊರತು ಬೇರೇನೂ ಅನಿಸುವುದಿಲ್ಲ. ಸೀರೆ ಉಟ್ಟು ನಿಂತಾಗ ಮಾತ್ರ ನಾನು ಯಾರಿಂದಲೂ ಏನನ್ನೂ ಮುಚ್ಚಿಡುತ್ತಿಲ್ಲ ಅನಿಸುತ್ತದೆ. ಹೇಳುವಷ್ಟು ಹೊತ್ತೂ ಅವಳ ಮುಖ ನೋಡಲಿಲ್ಲ.

"ನನಗ ಮೊದಲಿಂದ ಗೊತ್ತೈತಿ," ಅಂದಳು ಅಕ್ಕ. "ನೀ ಹೇಳಲಿ ಅಂತ ಸುಮ್ಮನಿದ್ದೆ."

ಬೇರೆ ಯಾರಿಂದಲೂ ನಾನು ಆ ಮಾತು ಮತ್ತೆ ಕೇಳಿಲ್ಲ. ಅವಳು ನೂಲಿನ ಕಂತೆಯನ್ನು ಹೆಗಲಿಗೆ ಹಾಕಿಕೊಂಡು, ನನ್ನ ಕೈಹಿಡಿದು ನಿಚ್ಚಣಿಕೆ ಇಳಿದಳು, ನಾನಿನ್ನೂ ಚಿಕ್ಕವನೇನೋ ಎಂಬಂತೆ.

ಅಕ್ಕನಿಗೆ ಮುಂಡರಗಿಯಿಂದ ಸಂಬಂಧ ಬಂತು. ಗೊಬ್ಬರ, ಬೀಜದ ಅಂಗಡಿಯವರು. ಹುಡುಗ ಒಳ್ಳೆಯವನೆಂದು ಎಲ್ಲರೂ ಹೇಳಿದರು. ಅಕ್ಕನಿಗೂ ಮನಸ್ಸಿಗೆ ಬಂದಿದ್ದ. ಮಾತುಕತೆಗೆ ಕೂತ ದಿನ ಹುಡುಗನ ದೊಡ್ಡಪ್ಪ ಬೇರೆಲ್ಲ ಮಾತು ಮುಗಿಸಿ, ಕೊನೆಗೆ ನನ್ನ ವಿಷಯ ತೆಗೆದರು. ಲಕ್ಷ್ಮೇಶ್ವರದಲ್ಲಿ ನನ್ನನ್ನು ನೋಡಿದ್ದರಂತೆ. ಒಂದು ಆಟವಾಗಿದ್ದರೆ ಚಿಂತೆಯಿರಲಿಲ್ಲ, ಆದರೆ ನಿಮ್ಮ ಹುಡುಗ ಹಗಲೂ ಹಾಗೇ ಇರುತ್ತಾನೆಂದು ಕೇಳಿದ್ದೇವೆ, ನಾಳೆ ನಮ್ಮ ಬೀಗರ ಮನೆ ಎಂದು ನಾಲ್ಕು ಮಂದಿಯ ಮುಂದೆ ಹೇಗೆ ಹೇಳುವುದು ಎಂದು ಸಮಾಧಾನವಾಗಿಯೇ ಕೇಳಿದರು. ಇನ್ನು ಮುಂದೆ ಅವನು ಬಣ್ಣ ಹಚ್ಚುವುದಿಲ್ಲ ಎಂದು ಅಪ್ಪ ಮಾತು ಕೊಟ್ಟ. ಅಪ್ಪನಿಗೆ ಎಲ್ಲ ಗೊತ್ತಿತ್ತೆಂದು ನನಗೆ ತಿಳಿದದ್ದು ಆಗಲೇ.

ಯಾರೂ ನನ್ನನ್ನು ಹೊಡೆಯಲಿಲ್ಲ, ಬಯ್ಯಲಿಲ್ಲ. ಅವ್ವ ಅಡುಗೆಮನೆಯಲ್ಲಿ ನನ್ನ ಎರಡೂ ಕೈ ಹಿಡಿದುಕೊಂಡು, ಅವಳ ಸಂಸಾರ ಒಂದು ದಡ ಮುಟ್ಟಲಿ ಎಂದಳು. ನಾನು ಬಣ್ಣ ಹಚ್ಚುವುದನ್ನು ಬಿಟ್ಟೆ. ಅಜ್ಜಾರ ಅಂಗಡಿಗೆ ಹೋಗುವುದನ್ನೂ ಬಿಟ್ಟೆ. ಮೀಸೆ ಬೆಳೆಸಿದೆ, ದನಿಯನ್ನು ಮತ್ತೆ ಒತ್ತಿ ಹಿಡಿದೆ. ಮದುವೆಯಲ್ಲಿ ಅಕ್ಕನ ಬೆನ್ನಿಗೆ ತಮ್ಮ ನಿಲ್ಲಬೇಕಾದ ಹೊತ್ತಿಗೆ ಚಿಗಪ್ಪನ ಮಗನನ್ನು ನಿಲ್ಲಿಸಿದರು. ನಾನು ಊಟದ ಪಂಕ್ತಿಯಲ್ಲಿ ಅನ್ನದ ಬುಟ್ಟಿ ಹಿಡಿದುಕೊಂಡಿದ್ದೆ. ಅಕ್ಷತೆ ಬೀಳುವಾಗ ಅಕ್ಕ ತಲೆ ಎತ್ತಿ ಆ ಕಡೆ ಈ ಕಡೆ ನೋಡುವುದು ಕಂಡಿತು. ಹುಡುಕುತ್ತಿದ್ದದ್ದು ನನ್ನನ್ನೇ ಎಂದು ನನಗೆ ಗೊತ್ತಿತ್ತು. ಕೈಯಲ್ಲಿ ಬುಟ್ಟಿ ಇತ್ತು, ಹೋಗಲಿಲ್ಲ.

ಮದುವೆಯಾದ ಮೇಲಿನ ಮೊದಲ ನಾಗರಪಂಚಮಿಗೆ ಅಕ್ಕನನ್ನು ತವರಿಗೆ ಕರೆದುಕೊಂಡು ಬರಲು ನನ್ನನ್ನೇ ಕಳಿಸಿದರು. ನಾನು ಮಾವ ಎನ್ನುತ್ತಿದ್ದ ಅಕ್ಕನ ಗಂಡನೂ ಅವರ ಮನೆಯವರೂ ಮೀಸೆ ಕಂಡು ಸಂತೋಷದಿಂದಲೇ ಮಾತಾಡಿಸಿದರು. ಬಸ್ಸಿನಲ್ಲಿ ಅಕ್ಕ ದಾರಿಯುದ್ದಕ್ಕೂ ನನ್ನನ್ನು ಓರೆಗಣ್ಣಲ್ಲಿ ನೋಡುತ್ತಿದ್ದಳು. ಮರುದಿನ ಇಬ್ಬರೂ ಶೇಂಗಾ ಉಂಡಿ ಕಟ್ಟುತ್ತ ಕೂತಾಗ ಕೇಳಿದಳು.

"ಯಾಕಿಂಗ ಮಾತಾಡಾಕತ್ತೀ? ಗಂಟಲಾಗೇನರ ಆಗೇತೇನು?"

ಏನೂ ಇಲ್ಲ ಅಂದೆ. ಅವಳು ಉಂಡಿ ಕಟ್ಟುವುದನ್ನು ನಿಲ್ಲಿಸಿದಳು. ನನ್ನ ಸಲುವಾಗಿ ನೀನು ಹೀಗಾಗಿದ್ದೀ, ಇದನ್ನು ನೋಡಿಕೊಂಡು ನಾನು ಅಲ್ಲಿ ಹೇಗೆ ಉಣ್ಣಲಿ ಎಂದಳು. ನನ್ನ ಮದುವೆ ಆಯಿತಲ್ಲ, ಇನ್ನು ನಿನ್ನ ದಾರಿಗೆ ನೀನು ಹೋಗು ಎಂದಳು.

"ಮಾವಗ ಗೊತ್ತಾದ್ರ?"

"ಗೊತ್ತಾಗಲಿ. ಅವರು ಕೆಟ್ಟವರಲ್ಲ. ನಾ ಮಾತಾಡತೀನಿ."

ಅವಳು ಅದನ್ನು ನಂಬಿದ್ದಳು. ನಾನೂ ನಂಬಿದೆ. ಆ ಸಂಜೆಯೇ ಓಣಿಯ ಕೊನೆಯ ಕಟಿಂಗ್ ಅಂಗಡಿಗೆ ಹೋಗಿ ಮೀಸೆ ತೆಗೆಸಿದೆ.

ಆಮೇಲಿನ ಚಳಿಗಾಲದಲ್ಲಿ ಶಿರಹಟ್ಟಿಯಲ್ಲಿ ಒಂದು ಪಾತ್ರ ಸಿಕ್ಕಿತು. ಬಹಳ ದಿನ ಬಿಟ್ಟಿದ್ದರಿಂದ ಅಜ್ಜಾರೇ ಬಂದು ಬಣ್ಣ ಹಚ್ಚಿದರು. ಆಟ ಚೆನ್ನಾಗಿ ಆಯಿತು. ಆದರೆ ನನಗೆ ನೆನಪಿರುವುದು ಆಟವಲ್ಲ. ಮುಗಿದ ಮೇಲೆ ಮುಖ ತೊಳೆದು, ಅಂಗಿ ತೊಟ್ಟು ಕನ್ನಡಿ ನೋಡಿಕೊಂಡೆ. ಅಳು ಬರಲಿಲ್ಲ. ಬಣ್ಣ ಹೋಗಿತ್ತು, ನಾನು ಹೋಗಿರಲಿಲ್ಲ. ಹೊರಗೆ ಬಂದು ಚಹಾ ಕುಡಿಯುವಾಗ ತಂಡದವರ ಜೊತೆ ನನ್ನ ದನಿಯಲ್ಲೇ ಮಾತಾಡಿದೆ, ಕೈ ಬೇಕಾದ ಹಾಗೆ ಆಡಿಸಿದೆ. ಒಬ್ಬ ಕಿಸಕ್ಕನೆ ನಕ್ಕ. ನಗಲಿ ಅನಿಸಿತು. ಆ ದಿನದಿಂದ ನಾನು ಮತ್ತೆ ದನಿ ಒತ್ತಿ ಹಿಡಿದಿಲ್ಲ, ಯಾರ ಮುಂದೆಯೂ.

ಶಿರಹಟ್ಟಿಯ ಖಬರು ಮುಂಡರಗಿಗೆ ಮುಟ್ಟಲು ಹೊತ್ತು ಹಿಡಿಯಲಿಲ್ಲ. ಮರುವರ್ಷದ ಪಂಚಮಿಗೆ ಅಕ್ಕನನ್ನು ಕರೆಯಲು ಹೋದೆ. ಅವ್ವ ಬೇಡವೆಂದಿದ್ದಳು, ತಾನೇ ಹೋಗುತ್ತೇನೆಂದಿದ್ದಳು. ತಮ್ಮ ಹೋಗುವುದು ರೀತಿ, ನಾನೇ ಹೋಗುತ್ತೇನೆಂದು ಹಟ ಮಾಡಿದೆ. ಮುಂಡರಗಿಯಲ್ಲಿ ಅವರ ಮನೆಯ ಕಟ್ಟೆಯ ಮೇಲೆ ಕೂಡಿಸಿ ನೀರು ಕೊಟ್ಟರು. ಒಳಗೆ ಬಾ ಎನ್ನಲಿಲ್ಲ. ಮಾವ ಅಂಗಡಿಯಿಂದ ಬಂದು ನನ್ನ ಎದುರಿಗೆ ನಿಂತರು. ಅವರು ನಿಜಕ್ಕೂ ಕೆಟ್ಟವರಲ್ಲ. ಹೇಳಬೇಕಾದ್ದನ್ನು ಹೇಳಲು ಅವರಿಗೂ ಕಷ್ಟವಾಗುತ್ತಿತ್ತು. ಕೊಟ್ಟ ಮಾತು ನಿಮ್ಮ ಮನೆಯವರು ಉಳಿಸಿಕೊಳ್ಳಲಿಲ್ಲ, ನೀನು ಇಲ್ಲಿಗೆ ಬರುವುದಿದ್ದರೆ ಅವಳನ್ನು ಅಲ್ಲಿಗೆ ಕಳಿಸುವುದಿಲ್ಲ ಎಂದು ದೊಡ್ಡವರು ತೀರ್ಮಾನ ಮಾಡಿದ್ದಾರೆ ಎಂದರು.

ಅಕ್ಕ ನಡುಬಾಗಿಲಲ್ಲಿ ನಿಂತಿದ್ದಳು. ಬಸುರಿ, ಹೊಟ್ಟೆ ಕಾಣುತ್ತಿತ್ತು. ನಮ್ಮ ಮನೆಯಲ್ಲಿ ಯಾರಿಗೂ ಅದನ್ನು ತಿಳಿಸಿರಲಿಲ್ಲ. ಅವಳ ಅತ್ತೆ ಹಿಂದೆಯೇ ಇದ್ದರು. ಅಕ್ಕ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ನೀ ಹೋಗು ತಮ್ಮಾ. ಇನ್ನ ಈ ಮನಿಗೆ ಬರಬ್ಯಾಡ."

ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಅವಳು ಎಷ್ಟು ಮಾತಾಡಿದ್ದಳೋ, ಎಷ್ಟು ದಿನ ಕಾದಿದ್ದಳೋ ನನಗೆ ಗೊತ್ತಿಲ್ಲ. ಮಾತಾಡತೀನಿ ಅಂದವಳು ಮಾತಾಡಿರುತ್ತಾಳೆ. ಸೋತ ಮೇಲೆ, ಆ ಮಾತನ್ನು ಬೇರೆಯವರ ಬಾಯಿಂದ ನಾನು ಕೇಳಬಾರದೆಂದು ತಾನೇ ಹೇಳಿದಳು. ಬಸ್ ಸ್ಟ್ಯಾಂಡಿಗೆ ನಡೆದು ಬಂದೆ. ಓಣಿಗಳಲ್ಲಿ ಹೆಣ್ಣುಮಕ್ಕಳು ಜೋಕಾಲಿ ಆಡುತ್ತಿದ್ದರು. ಗದಗಿನ ಬಸ್ಸು ಹತ್ತಿ ಕೂತ ಮೇಲೆ ಅಳತೊಡಗಿದೆ. ಪಕ್ಕದ ಹೆಂಗಸೊಬ್ಬರು, ಮನೆಯಲ್ಲಿ ಯಾರಾದರೂ ತೀರಿಕೊಂಡರಾ ಎಂದು ಕೇಳಿದರು. ಇಲ್ಲವೆಂದು ತಲೆಯಾಡಿಸಿದೆ.

ಅಕ್ಕನಿಗೆ ಹೆಣ್ಣುಮಗುವಾಯಿತು. ಬಾಣಂತನ ಮುಂಡರಗಿಯಲ್ಲೇ ಆಯಿತು. ಅವ್ವ ಹೋಗಿ ನೋಡಿಕೊಂಡು ಬಂದಳು. ಆಮೇಲೂ ಅವ್ವನೇ ಹೋಗಿ ಬರುತ್ತಿದ್ದಳು. ಬಂದ ದಿನ ನಾನು ಕೇಳುವ ತನಕ ಏನೂ ಹೇಳುತ್ತಿರಲಿಲ್ಲ, ಕೇಳಿದರೆ ಎಲ್ಲ ಹೇಳುತ್ತಿದ್ದಳು. ಮಗು ನಡೆಯುತ್ತಿದೆ, ಶಾಲೆಗೆ ಹಾಕಿದರು, ಅಕ್ಕ ಮಷಿನ್ನು ಮುಟ್ಟಿಲ್ಲ. ನೀನು ಆ ಪಾತ್ರ ಬಿಡು, ಎಲ್ಲ ಸರಿಹೋಗುತ್ತದೆ ಎಂದು ಒಮ್ಮೊಮ್ಮೆ ಅಳುತ್ತಿದ್ದಳು. ಪಾತ್ರ ಬಿಟ್ಟರೂ ಬಿಡುವ ಸಂಗತಿ ಇದಲ್ಲವೆಂದು ಅವಳಿಗೆ ತಿಳಿಸಿ ಹೇಳುವುದು ನನ್ನಿಂದ ಆಗಲೇ ಇಲ್ಲ. ಅಪ್ಪ ನನ್ನ ಜೊತೆ ಮಾತು ಬಿಟ್ಟ. ಊಟಕ್ಕೆ ಕೂತಾಗ ಮಾತ್ರ ನನ್ನ ತಾಟಿನ ಕಡೆ ನೋಡಿ, ರೊಟ್ಟಿ ಮುಗಿದಿದ್ದರೆ ಅವ್ವನಿಗೆ ಸನ್ನೆ ಮಾಡುತ್ತಿದ್ದ.

ಅಜ್ಜಾರು ತೀರಿಕೊಂಡ ಮೇಲೆ ಅವರ ಮಕ್ಕಳು ಅಂಗಡಿ ನಡೆಸಲು ನನ್ನನ್ನೇ ಕೇಳಿದರು. ಈಗಲೂ ಅದೇ ನನ್ನ ಕೆಲಸ. ಶಾಲೆಗಳ ಗ್ಯಾದರಿಂಗಿಗೆ ಡ್ರೆಸ್ ಒಯ್ಯುತ್ತೇನೆ, ಮಕ್ಕಳಿಗೆ ಬಣ್ಣ ಹಚ್ಚುತ್ತೇನೆ. ನನ್ನ ಪಾತ್ರಗಳನ್ನೂ ಬಿಟ್ಟಿಲ್ಲ. ಗದಗಿನಲ್ಲಿ ನನ್ನನ್ನು ನಾನು ಇದ್ದ ಹಾಗೆ ಬಲ್ಲವರು ಇದ್ದಾರೆ. ಆಡಿಕೊಳ್ಳುವವರೂ ಇದ್ದಾರೆ.

ಒಂದು ವರ್ಷ ಮುಂಡರಗಿಯ ಒಂದು ಶಾಲೆಯಿಂದ ಕರೆ ಬಂತು. ಹೋಗಬಾರದೆಂದುಕೊಂಡೂ ಹೋದೆ. ಮಧ್ಯಾಹ್ನ ತರಗತಿಯೊಂದರಲ್ಲಿ ಮಕ್ಕಳನ್ನು ಸಾಲಾಗಿ ಕೂಡಿಸಿ ಒಬ್ಬೊಬ್ಬರಿಗೇ ಬಣ್ಣ ಹಚ್ಚುತ್ತಿದ್ದೆ. ಕೋಲಾಟದ ಹುಡುಗಿಯರಲ್ಲಿ ಒಬ್ಬಳು ಬಂದು ಎದುರಿಗೆ ಕೂತು ಮುಖ ಮೇಲೆತ್ತಿದಳು. ಹಣೆ ನಮ್ಮ ಅವ್ವನದು. ಗಲ್ಲ ಅಕ್ಕನದು. ಪೌಡರಿನ ಪಫ್ ಕೈಯಲ್ಲೇ ಉಳಿಯಿತು. ನಿಮ್ಮಪ್ಪನ ಅಂಗಡಿ ಯಾವುದೆಂದು ಕೇಳಿದೆ. ಗೊಬ್ಬರದ ಅಂಗಡಿ ಎಂದಳು. ನಿಮ್ಮವ್ವನ ತವರುಮನೆ ಯಾವುದೆಂದು ಕೇಳಿದೆ. ಬೆಟಗೇರಿ, ತಾನು ನೋಡಿಲ್ಲ ಎಂದಳು. ಅಲ್ಲಿಗೇ ಬಿಡಬಹುದಿತ್ತು. ಬಿಡಲಾಗಲಿಲ್ಲ.

"ನಿನಗ ಸೋದರಮಾವ ಅದಾನೇನು?"

"ಇಲ್ರಿ," ಅಂದಳು ಹುಡುಗಿ, ಬಣ್ಣ ಕೆಡಬಾರದೆಂದು ತುಟಿ ಅಲುಗಿಸದೆ.

ಕಣ್ಣಿಗೆ ಕಾಡಿಗೆ ತೀಡುತ್ತಿರುವಾಗ ಬಾಗಿಲಲ್ಲಿ ಯಾರೋ ನಿಂತಂತಾಯಿತು. ಅಕ್ಕ. ಮಗಳ ಜಡೆಗೆ ಹೂವು ತಂದಿದ್ದಳು. ದಪ್ಪಗಾಗಿದ್ದಳು, ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಹುಡುಗಿ, ಅವ್ವಾ ಇವರು ಎಷ್ಟು ಚೆಂದ ಹಚ್ಚುತ್ತಾರೆ ನೋಡು, ಇವರು ನಿನಗೆ ಗೊತ್ತೇನು ಎಂದು ಕೇಳಿದಳು. ಅಕ್ಕ ಕೈಯಲ್ಲಿದ್ದ ಹೂವು ನೋಡುತ್ತ, ಗದಗಿನವರು ಎಂದಳು. ನಾನು ಕಾಡಿಗೆ ಮುಗಿಸಿ ಹುಡುಗಿಯ ಗಲ್ಲ ಹಿಡಿದು ಒಮ್ಮೆ ಬೆಳಕಿಗೆ ತಿರುಗಿಸಿ ನೋಡಿ, ಆಯಿತು ಹೋಗು ಅಂದೆ. ಅವಳು ಗೆಳತಿಯರಿಗೆ ತೋರಿಸಲು ಓಡಿದಳು.

ಅಕ್ಕ ಹತ್ತಿರ ಬಂದಳು. ಇನ್ನೂ ಪಾತ್ರ ಮಾಡುತ್ತೀಯಾ ಎಂದು ಕೇಳಿದಳು. ಮಾಡುತ್ತೇನೆಂದೆ. ಬಿಡಬೇಡ ಎಂದಳು. ಜೊತೆಗೆ ಯಾರಾದರೂ ಇದ್ದಾರಾ ಎಂದಳು. ಸದ್ಯಕ್ಕೆ ಇಲ್ಲವೆಂದೆ. ಸೊರಗಿದ್ದೀ ಎಂದು ನನ್ನ ತೋಳು ಮುಟ್ಟಿದಳು. ಹೊರಗೆ ಮೈಕಿನಲ್ಲಿ ಪಾಲಕರು ಬಂದು ಕೂಡಬೇಕೆಂದು ಕರೆಯುತ್ತಿದ್ದರು.

"ತಮ್ಮಾ, ಇಲ್ಲಿಗೆ ಮತ್ತ ಬರಬ್ಯಾಡ," ಅಂದಳು. "ಆಕಿ ಕೇಳ್ತಾಳ. ನನಗ ದಿನಾ ಸುಳ್ಳ ಹೇಳಾಕ ಆಗೂದಿಲ್ಲ."

ಆತು ಅಕ್ಕಾ ಅಂದೆ.

ಡ್ರೆಸ್ ವಾಪಸು ತೆಗೆದುಕೊಳ್ಳಬೇಕಾದ್ದರಿಂದ ಕಾರ್ಯಕ್ರಮ ಮುಗಿಯುವ ತನಕ ಇರಲೇಬೇಕಾಯಿತು. ಪರದೆಯ ಪಕ್ಕದಲ್ಲಿ ನಿಂತು ಕೋಲಾಟ ನೋಡಿದೆ. ಹುಡುಗಿ ಒಮ್ಮೆಯೂ ತಾಳ ತಪ್ಪಲಿಲ್ಲ. ಮುಂದಿನ ಕುರ್ಚಿಗಳಲ್ಲಿ ಅಕ್ಕ, ಮಾವ ಒಟ್ಟಿಗೆ ಕೂತಿದ್ದರು. ಅಕ್ಕ ನಾನಿದ್ದ ಕಡೆಗೆ ತಿರುಗಲಿಲ್ಲ. ಆಟ ಮುಗಿದಾಗ ಎಲ್ಲರ ಜೊತೆ ನಾನೂ ಚಪ್ಪಾಳೆ ತಟ್ಟಿದೆ. ಮಕ್ಕಳ ಡ್ರೆಸ್ಸುಗಳನ್ನು ಟ್ರಂಕಿಗೆ ತುಂಬಿ ಗದಗಿನ ಬಸ್ಸು ಹಿಡಿದೆ.

ಮರುವರ್ಷವೂ ಆ ಶಾಲೆಯವರು ಕರೆದರು. ಬೇರೊಬ್ಬರನ್ನು ಕಳಿಸಿದೆ.